ಮಂಡ್ಯದ ಅನ್ನದೊಳಗಿನ ಜಪಾನ್

ಸುಶಿ, ರಾಮೆನ್, ಟೆಂಪುರಾ, ಒನಿಗಿರಿ. ಕೆಲವೇ ವರ್ಷಗಳ ಹಿಂದೆ ನಮ್ಮ ಜಿಲ್ಲೆಗಳಲ್ಲಿ ಯಾರೂ ಕೇಳಿರದ ಈ ಹೆಸರುಗಳು ಈಗ ಮಂಡ್ಯ, ಮದ್ದೂರು, ಮಳವಳ್ಳಿಯ ಮನೆಗಳಲ್ಲೂ ಕೇಳಿಬರುತ್ತಿವೆ. ಬೆಂಗಳೂರಿನಲ್ಲಿ ಓದುವ, ದುಡಿಯುವ ಮಕ್ಕಳು ರಜೆಗೆ ಬಂದಾಗ ಮನೆಯಲ್ಲೇ ಮಾಡಿ ನೋಡೋಣ ಎನ್ನುತ್ತಾರೆ. ಆಗ ಅಡುಗೆಮನೆಯಲ್ಲಿ ಏಳುವ ಮೊದಲ ಪ್ರಶ್ನೆ ಒಂದೇ: ಇದಕ್ಕೆ ಯಾವ ಅಕ್ಕಿ? ನಮ್ಮ ಅಕ್ಕಿ ಆಗುವುದಿಲ್ಲ, ಜಪಾನಿನದೇ ಬೇಕು ಎಂದು ದುಬಾರಿ ಪೊಟ್ಟಣ ತರಿಸುವವರೂ ಇದ್ದಾರೆ.

ಆದರೆ ಜಪಾನ್ ಈ ಸೀಮೆಯ ಅಡುಗೆಮನೆಗೆ ಹೊಸ ಅತಿಥಿಯಲ್ಲ. ಹೋಟೆಲಿನ ದಾರಿಯಿಂದ ಬರುವುದಕ್ಕೆ ಎಷ್ಟೋ ಮೊದಲೇ ಅದು ಗದ್ದೆಯ ದಾರಿಯಿಂದ ನಮ್ಮ ತಟ್ಟೆಗೆ ಬಂದು ಕೂತಿದೆ. ಅದು ಹೇಗೆ ಬಂತು, ಬರುವಾಗ ಏನನ್ನು ತಂದಿತು, ಏನನ್ನು ಕೊಂಡೊಯ್ದಿತು ಎಂಬುದನ್ನು ತಿಳಿಯುವುದು ಅಡುಗೆಯ ವಿಷಯವೂ ಹೌದು, ಇತಿಹಾಸದ ವಿಷಯವೂ ಹೌದು.

ರಾಗಿಯ ಸೀಮೆಗೆ ನೀರು ಬಂದಾಗ

ಮಂಡ್ಯವೆಂದರೆ ಈಗ ಭತ್ತ ಮತ್ತು ಕಬ್ಬು. ನೂರು ವರ್ಷಗಳ ಹಿಂದೆ ಹಾಗಿರಲಿಲ್ಲ. ಕೆರೆಯ ಕೆಳಗಿನ, ಹಳೆಯ ನಾಲೆಗಳ ಬದಿಯ ಗದ್ದೆಗಳನ್ನು ಬಿಟ್ಟರೆ ಹೆಚ್ಚಿನದು ಹೊಲ. ಹೊಲದಲ್ಲಿ ರಾಗಿ, ಹುರುಳಿ, ಹುಚ್ಚೆಳ್ಳು. ದಿನದ ಊಟ ಮುದ್ದೆ. ಅನ್ನ ಹಬ್ಬದ ದಿನದ್ದು, ನೆಂಟರು ಬಂದಾಗಿನದು.

ಈ ಚಿತ್ರವನ್ನು ಬದಲಿಸಿದ್ದು ಕನ್ನಂಬಾಡಿ ಕಟ್ಟೆ. 1911ರಲ್ಲಿ ಅದರ ಕೆಲಸ ಆರಂಭವಾಯಿತು. ಅದರ ಹಿಂದಿದ್ದ ಎಂಜಿನಿಯರ್ ಸರ್ ಎಂ. ವಿಶ್ವೇಶ್ವರಯ್ಯನವರು 1898ರಷ್ಟು ಹಿಂದೆಯೇ ಜಪಾನಿಗೆ ಹೋಗಿಬಂದವರು. ಬಡ ದೇಶವೊಂದು ಶಿಕ್ಷಣ ಮತ್ತು ಕೈಗಾರಿಕೆಗಳಿಂದ ಮೇಲೇಳುತ್ತಿದ್ದುದನ್ನು ಕಣ್ಣಾರೆ ಕಂಡ ಅವರಿಗೆ ಜಪಾನ್ ಬದುಕಿನುದ್ದಕ್ಕೂ ಒಂದು ಮಾದರಿಯಾಗಿ ಉಳಿಯಿತು. ಕಟ್ಟೆಯಿಂದ ಹೊರಟ ಇರ್ವಿನ್ ನಾಲೆ ಮುಂದೆ ಅವರದೇ ಹೆಸರು ಪಡೆದು ವಿಶ್ವೇಶ್ವರಯ್ಯ ನಾಲೆಯಾಯಿತು. ನಾಲೆಯ ನೀರು ಮಂಡ್ಯ, ಮದ್ದೂರು, ಮಳವಳ್ಳಿಯ ಹೊಲಗಳನ್ನು ಗದ್ದೆಗಳನ್ನಾಗಿ ಮಾಡಿತು. 1933ರಲ್ಲಿ ಸಕ್ಕರೆ ಕಾರ್ಖಾನೆ ಬಂತು. 1939ರಲ್ಲಿ ಮಂಡ್ಯ ಪ್ರತ್ಯೇಕ ಜಿಲ್ಲೆಯಾಯಿತು. ಹಬ್ಬದ ಅನ್ನ ನಿಧಾನವಾಗಿ ದಿನದ ಅನ್ನವಾಗತೊಡಗಿತು.

ಜಪಾನಿನ ಹಳೆಯ ರೈತನ ಕಥೆಯೂ ಇದಕ್ಕಿಂತ ತುಂಬಾ ಬೇರೆಯಲ್ಲ. ಅಲ್ಲಿ ಸಾಮಂತರ ಸಿರಿವಂತಿಕೆಯನ್ನು ಅಕ್ಕಿಯ ಅಳತೆಯಲ್ಲೇ ಲೆಕ್ಕ ಹಾಕುತ್ತಿದ್ದರು. ಬೆಳೆದ ಅಕ್ಕಿಯ ದೊಡ್ಡ ಪಾಲು ಕಂದಾಯಕ್ಕೆ ಹೋದರೆ, ರೈತನ ಮನೆಯಲ್ಲಿ ಬಾರ್ಲಿ, ನವಣೆಯಂಥ ಕಿರುಧಾನ್ಯ ಬೆರೆಸಿದ ಅನ್ನ. ಗುಡ್ಡಗಾಡಿನ ಕೆಲವೆಡೆ ನಮ್ಮ ರಾಗಿಯನ್ನೇ ಬೆಳೆಯುತ್ತಿದ್ದರು. ಅಲ್ಲಿ ಅದರ ಹೆಸರು ಶಿಕೊಕುಬಿಯೆ. ಹುರುಳಿಯಲ್ಲದ, ಬಕ್‌ವೀಟ್ ಎಂಬ ಬೇರೊಂದು ಕಾಳಿನ ಹಿಟ್ಟನ್ನು ಬಿಸಿನೀರಿನಲ್ಲಿ ತಿರುವಿ ಉಂಡೆ ಮಾಡುವ ಸೊಬಗಾಕಿ ಎಂಬ ತಿನಿಸನ್ನು ನೋಡಿದರೆ ಮಂಡ್ಯದವರು ಮುದ್ದೆ ಎಂದೇ ಕರೆದಾರು.

ಜಪಾನ್ ಪದ್ಧತಿಯ ಭತ್ತ

ಸ್ವಾತಂತ್ರ್ಯ ಬಂದಾಗ ದೇಶದಲ್ಲಿ ಅಕ್ಕಿಗೆ ತೀವ್ರ ಕೊರತೆಯಿತ್ತು. ನಮ್ಮ ಎಕರೆಯಲ್ಲಿ ಬರುತ್ತಿದ್ದ ಭತ್ತಕ್ಕೂ ಜಪಾನಿನ ಎಕರೆಯಲ್ಲಿ ಬರುತ್ತಿದ್ದ ಭತ್ತಕ್ಕೂ ಹೋಲಿಕೆಯೇ ಇರಲಿಲ್ಲ. ಮುಂಬಯಿಯ ಬೋರಿವಲಿಯ ಕೋರಾ ಗ್ರಾಮೋದ್ಯೋಗ ಕೇಂದ್ರದಲ್ಲಿ ನಡೆದ ಪ್ರಯೋಗಗಳ ನಂತರ 1953ರಲ್ಲಿ ಸರ್ಕಾರ ದೇಶದಾದ್ಯಂತ 'ಜಪಾನ್ ಪದ್ಧತಿಯ ಭತ್ತದ ಬೇಸಾಯ'ವನ್ನು ಪ್ರಚಾರಕ್ಕೆ ತಂದಿತು. ಎತ್ತರಿಸಿದ ಮಡಿಯಲ್ಲಿ ಸಸಿ ಬೆಳೆಸುವುದು, ಕಡಿಮೆ ಬೀಜ ಬಳಸುವುದು, ಹಗ್ಗ ಹಿಡಿದು ಸಾಲಾಗಿ ನಾಟಿ ಮಾಡುವುದು, ಸಾಲಿನ ನಡುವೆ ಉರುಳುವ ಸಣ್ಣ ಯಂತ್ರದಿಂದ ಕಳೆ ತೆಗೆಯುವುದು, ಗೊಬ್ಬರವನ್ನು ಲೆಕ್ಕಕ್ಕೆ ಸರಿಯಾಗಿ ಕೊಡುವುದು ಇದರ ಮುಖ್ಯ ಅಂಶಗಳು. ನಮ್ಮ ಕಡೆಯ ಹಿರಿಯರು ಹೇಳುವ ಸಾಲು ನಾಟಿಯ ಹಿಂದೆ ಈ ಪ್ರಚಾರವೂ ಇದೆ.

ಪದ್ಧತಿ ಬಂದರೆ ಸಾಲದಾಯಿತು, ತಳಿಯೂ ಬದಲಾಗಬೇಕಿತ್ತು. ನಮ್ಮ ನಾಡತಳಿಗಳು ಎತ್ತರಕ್ಕೆ ಬೆಳೆಯುವಂಥವು. ರಾಸಾಯನಿಕ ಗೊಬ್ಬರ ಹೆಚ್ಚು ಹಾಕಿದರೆ ತೆನೆಯ ಭಾರಕ್ಕೆ ಮಲಗಿಬಿಡುತ್ತಿದ್ದವು. ಜಪಾನಿ ತಳಿಗಳು ಗೊಬ್ಬರ ತಿಂದು ನೆಟ್ಟಗೆ ನಿಲ್ಲುತ್ತಿದ್ದವು. ಎರಡನ್ನೂ ಬೆರೆಸಿದರೆ? ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ನೆರವಿನಿಂದ 1950ರ ದಶಕದಲ್ಲಿ ಒಡಿಶಾದ ಕಟಕ್‌ನಲ್ಲಿರುವ ಕೇಂದ್ರೀಯ ಭತ್ತ ಸಂಶೋಧನಾ ಸಂಸ್ಥೆಯಲ್ಲಿ ಈ ಬೆರಕೆಯ ದೊಡ್ಡ ಪ್ರಯತ್ನ ನಡೆಯಿತು. ಏಷ್ಯಾದ ಹಲವು ದೇಶಗಳು ಇದರಲ್ಲಿ ಸೇರಿದ್ದವು. ಹೆಚ್ಚಿನ ಬೆರಕೆಗಳಲ್ಲಿ ತೆನೆ ಜೊಳ್ಳಾಯಿತು. ಗೆದ್ದು ನಿಂತವು ಬೆರಳೆಣಿಕೆಯಷ್ಟು ಮಾತ್ರ. ಅವುಗಳಲ್ಲಿ ಒಂದನ್ನು ನಾವೆಲ್ಲರೂ ಬಲ್ಲೆವು.

ಮಸೂರಿಯ ವಂಶಾವಳಿ

ಆ ಒಂದರ ಹೆಸರು ಮಸೂರಿ. ಹೆಸರು ಕೇಳಿದರೆ ಮಸೂರ ಬೇಳೆ ನೆನಪಾಗಬಹುದು, ಮೈಸೂರೂ ನೆನಪಾಗಬಹುದು. ಎರಡಕ್ಕೂ ಸಂಬಂಧವಿಲ್ಲ. ಮಲೇಷ್ಯಾದ ಲಂಕಾವಿ ದ್ವೀಪದ ಜನಪದ ಕಥೆಯಲ್ಲಿ ಸುಳ್ಳು ಆರೋಪಕ್ಕೆ ಬಲಿಯಾದ ಮಹ್ಸೂರಿ ಎಂಬ ಹೆಣ್ಣುಮಗಳ ಹೆಸರು ಅದು. ಅಲ್ಲಿಯ ಮಾಯಾಂಗ್ ಎಬೋಸ್ ಎಂಬ ತಳಿಯನ್ನು ತೈಚುಂಗ್ 65 ಎಂಬ ಜಪಾನಿ ವಂಶದ ತಳಿಯೊಂದಿಗೆ ಬೆರೆಸಿ ಪಡೆದ ಈ ಭತ್ತವನ್ನು ಮಲೇಷ್ಯಾ 1965ರಲ್ಲಿ ರೈತರಿಗೆ ಬಿಡುಗಡೆ ಮಾಡಿತು. ಅದು ಭಾರತಕ್ಕೆ ಬಂದು ಆಂಧ್ರದಲ್ಲೂ ಕರ್ನಾಟಕದಲ್ಲೂ ಬೇರೂರಿತು. ಸೋನಾ ಎಂಬ ತಳಿಯೊಂದಿಗೆ ಸೇರಿ ಸೋನಾ ಮಸೂರಿಯಾಯಿತು. ಬಾಪಟ್ಲದಲ್ಲಿ ರೂಪುಗೊಂಡು 1986ರಲ್ಲಿ ಬಿಡುಗಡೆಯಾದ ಬಿಪಿಟಿ 5204 ಎಂಬ ಸಾಂಬಾ ಮಸೂರಿಗೂ ಇದೇ ಮಸೂರಿ ಪೂರ್ವಜ. ಮದುವೆ ಮನೆಯ ಅನ್ನಕ್ಕೆ, ಮನೆಯ ದಿನದ ಅನ್ನಕ್ಕೆ ನಾವು ಹೆಸರು ಹೇಳಿ ಕೊಳ್ಳುವ ಸಣ್ಣಕ್ಕಿಯ ವಂಶದಲ್ಲಿ ಹೀಗೆ ಜಪಾನಿನ ರಕ್ತ ಹರಿಯುತ್ತಿದೆ.

ಈ ತೈಚುಂಗ್ 65ರ ಹಿಂದೆಯೂ ಒಂದು ಕಥೆಯಿದೆ, ಅದು ಅಷ್ಟು ಸಿಹಿಯಾದುದಲ್ಲ. ತೈವಾನ್ 1895ರಿಂದ 1945ರವರೆಗೆ ಜಪಾನಿನ ವಸಾಹತು. 1918ರಲ್ಲಿ ಅಕ್ಕಿಯ ಬೆಲೆಯೇರಿಕೆಯಿಂದ ಜಪಾನಿನಲ್ಲಿ ಗಲಭೆಗಳಾದವು. ಆ ಬಳಿಕ ಜಪಾನ್ ತನ್ನ ವಸಾಹತುಗಳಿಂದ ಅಕ್ಕಿ ತರಿಸುವುದನ್ನು ಹೆಚ್ಚಿಸಿತು. ತೈವಾನಿನ ಸ್ಥಳೀಯ ಅಕ್ಕಿ ಜಪಾನೀಯರ ನಾಲಿಗೆಗೆ ಹಿಡಿಸದ್ದರಿಂದ ಅವರಿಗೆ ರುಚಿಸುವ ತಳಿಯನ್ನು ಅಲ್ಲಿಯ ಹವೆಗೆ ಒಗ್ಗುವಂತೆ ರೂಪಿಸಲಾಯಿತು. ತೈವಾನಿನ ರೈತ ಒಳ್ಳೆಯ ಅಕ್ಕಿ ಬೆಳೆದು ಹಡಗಿಗೇರಿಸಿ, ತಾನು ಸಿಹಿಗೆಣಸು ತಿನ್ನುವ ಸ್ಥಿತಿ ಹೆಚ್ಚಾಯಿತು. ಒಬ್ಬರ ರುಚಿಗಾಗಿ ಇನ್ನೊಬ್ಬರ ಗದ್ದೆ ಬದಲಾಗುವುದು ಇಂದಿನ ಸಂಗತಿಯೇನಲ್ಲ.

ಹೊಸ ಅಕ್ಕಿ, ಹಳೆ ಅಕ್ಕಿ

ಈಗ ಅಡುಗೆಮನೆಯ ಆ ಮೊದಲ ಪ್ರಶ್ನೆಗೆ ಬರೋಣ. ಜಪಾನಿ ತಿನಿಸಿಗೆ ಅಂಟುವ ಅನ್ನ ಬೇಕು, ನಮಗೆ ಬಿಡಿಬಿಡಿ ಅನ್ನ ಬೇಕು. ಅಕ್ಕಿಯ ಪಿಷ್ಟದಲ್ಲಿರುವ ಅಮೈಲೋಸ್ ಎಂಬ ಅಂಶ ಹೆಚ್ಚಿದ್ದರೆ ಅನ್ನ ಉದುರಾಗುತ್ತದೆ, ಕಡಿಮೆಯಿದ್ದರೆ ಅಂಟುತ್ತದೆ. ಜಪಾನಿ ಅಕ್ಕಿಯಲ್ಲಿ ಅದು ಸಾಮಾನ್ಯವಾಗಿ ಶೇ. 15ರಿಂದ 20, ನಮ್ಮ ಅನೇಕ ತಳಿಗಳಲ್ಲಿ ಶೇ. 25ರ ಆಸುಪಾಸು.

ಆದರೆ ತಳಿಯಷ್ಟೇ ಮುಖ್ಯವಾದ ಇನ್ನೊಂದು ಸಂಗತಿ ಅಕ್ಕಿಯ ವಯಸ್ಸು. ನಮ್ಮ ಮನೆಗಳಲ್ಲಿ ಹಳೆ ಅಕ್ಕಿಗೇ ಮರ್ಯಾದೆ. ಸುಗ್ಗಿಯ ಹೊಸ ಅಕ್ಕಿ ಮುದ್ದೆಯಾಗುತ್ತದೆಂದು ಅದನ್ನು ಪೊಂಗಲ್ಲಿಗೆ, ಪಾಯಸಕ್ಕೆ ಎತ್ತಿಡುತ್ತಾರೆ. ಜಪಾನಿನಲ್ಲಿ ಇದು ತಿರುಗುಮುರುಗು. ಹೊಸ ಅಕ್ಕಿಗೆ ಶಿನ್‌ಮಾಯ್ ಎಂಬ ವಿಶೇಷ ಹೆಸರು, ಹೆಚ್ಚಿನ ಬೆಲೆ. ಮಂಡ್ಯದ ಗೃಹಿಣಿ ಒನಿಗಿರಿ ಮಾಡಲು ದೂರದ ಪೊಟ್ಟಣವನ್ನು ಹುಡುಕಬೇಕಿಲ್ಲ, ಸುಗ್ಗಿ ಮುಗಿಯುತ್ತಲೇ ಮಿಲ್ಲಿನಿಂದ ಬಂದ ಹೊಸ ಅಕ್ಕಿಯನ್ನು ಹುಡುಕಿದರೆ ಸಾಕು. ಅದನ್ನು ತೊಳೆದು ಅರ್ಧ ಗಂಟೆ ನೆನೆಸಿ, ಎಂದಿಗಿಂತ ಕಡಿಮೆ ನೀರಿಟ್ಟು, ಗಂಜಿ ಬಸಿಯದೆ ಮುಚ್ಚಿ ಬೇಯಿಸಿ, ಹತ್ತು ನಿಮಿಷ ಹಾಗೇ ಬಿಡಬೇಕು. ಬಿಸಿಯಿರುವಾಗಲೇ ಕೈಗೆ ನೀರು, ಉಪ್ಪು ಸವರಿಕೊಂಡು ಉಂಡೆ ಕಟ್ಟಬೇಕು. ಜಪಾನೀಯರು ಒಳಗೆ ಉಪ್ಪು ಹಾಕಿದ ಹುಳಿಹಣ್ಣು ಇಡುತ್ತಾರೆ. ನಮಗೆ ಮಾವಿನ ಮಿಡಿ, ನೆಲ್ಲಿಕಾಯಿ ಉಪ್ಪಿನಕಾಯಿ, ಹುಚ್ಚೆಳ್ಳಿನ ಚಟ್ನಿಪುಡಿ ಇದೆ. ಒನಿಗಿರಿ ಎಂದರೆ ಕೊನೆಗೂ ಹೊಲಕ್ಕೆ, ಪ್ರಯಾಣಕ್ಕೆ ಕಟ್ಟಿಕೊಂಡು ಹೋಗುವ ಬುತ್ತಿಯೇ ತಾನೆ?

ಮೀನಿನ ಸಾರಕ್ಕೆ ಬದಲು ಬೇಕಿದ್ದರೂ ದಾರಿಯಿದೆ. ಜಪಾನಿನ ಬೌದ್ಧ ಮಠಗಳ ಅಡುಗೆಯಲ್ಲಿ ಮೀನಿಲ್ಲ, ಒಣ ಅಣಬೆ ಮತ್ತು ಕಡಲ ಪಾಚಿಯ ಕಟ್ಟು ಬಳಸುತ್ತಾರೆ. ಬಸ್ಸಾರಿಗೆಂದು ಹುರುಳಿ ಕಟ್ಟು ಬಸಿಯುವ ಸೀಮೆಯವರಿಗೆ ಈ ಕ್ರಮ ಹೇಳಿಕೊಡಬೇಕಾಗಿಲ್ಲ. ಅನೇಕ ಜಪಾನಿ ಪಾಕಗಳಲ್ಲಿ ಬರುವ ಸಾಕೆ, ಮಿರಿನ್ ಎರಡೂ ಮದ್ಯಗಳು. ಮುಸ್ಲಿಮರು ಮಾತ್ರವಲ್ಲ, ಅವುಗಳನ್ನು ಮುಟ್ಟದ ಬೇರೆಯವರೂ ಮಿರಿನ್‌ನ ಜಾಗದಲ್ಲಿ ಸ್ವಲ್ಪ ಬೆಲ್ಲ, ನಾಲ್ಕು ಹನಿ ನಿಂಬೆರಸ ಬಳಸಬಹುದು. ಬೆಲ್ಲಕ್ಕೆ ಮಂಡ್ಯದಲ್ಲಿ ಬರವೇ?

ಯಾವುದು ಅಪ್ಪಟ?

ಹೀಗೆ ಬದಲಿಸಿದರೆ ಅದು ಅಪ್ಪಟ ಜಪಾನಿ ಅಡುಗೆಯಾಗುತ್ತದೆಯೇ ಎಂದು ಕೇಳುವವರುಂಟು. ಅಪ್ಪಟವೆನ್ನುವ ಟೆಂಪುರಾವನ್ನೇ ನೋಡಿ. ಹದಿನಾರನೆಯ ಶತಮಾನದಲ್ಲಿ ನಾಗಸಾಕಿಗೆ ಬಂದ ಪೋರ್ಚುಗೀಸರಿಂದ ಜಪಾನೀಯರು ಹಿಟ್ಟಿನಲ್ಲಿ ಅದ್ದಿ ಕರಿಯುವ ಕ್ರಮ ಕಲಿತರು. ಜಪಾನಿನ ಮನೆಮನೆಯ ಕರಿ ರೈಸ್ ಬ್ರಿಟಿಷರ ಮೂಲಕ ಹೋದ ಭಾರತದ ನೆನಪು. ಬ್ರಿಟಿಷರಿಂದ ತಪ್ಪಿಸಿಕೊಂಡು ಟೋಕಿಯೊ ಸೇರಿದ ಕ್ರಾಂತಿಕಾರಿ ರಾಸ್ ಬಿಹಾರಿ ಬೋಸರ ಕೈಯ ಭಾರತೀಯ ಮಾದರಿಯ ಕರಿ 1927ರಲ್ಲಿ ಅಲ್ಲಿನ ನಕಮುರಾಯಾ ಅಂಗಡಿಯಲ್ಲಿ ಮಾರಾಟಕ್ಕೆ ಬಂದು ಇಂದಿಗೂ ಹೆಸರುವಾಸಿಯಾಗಿದೆ.

ನಮ್ಮದೇ ಎನ್ನುವ ಮದ್ದೂರು ವಡೆಯ ವಯಸ್ಸಾದರೂ ಎಷ್ಟು? 1917ರಲ್ಲಿ ಮದ್ದೂರು ರೈಲು ನಿಲ್ದಾಣದಲ್ಲಿ ರಾಮಚಂದ್ರ ಬುಧ್ಯ ಎಂಬವರು ಪಕೋಡದ ಹಿಟ್ಟನ್ನು ಅವಸರದಲ್ಲಿ ತಟ್ಟಿ ಕರಿದರೆಂಬುದು ಪ್ರಚಲಿತ ಕಥೆ. ರೈಲು, ಮೈದಾ, ರವೆ, ಕರಾವಳಿಯಿಂದ ಬಂದ ಬಾಣಸಿಗನ ಕೈಚಳಕ ಎಲ್ಲ ಸೇರಿ ಒಂದು ಊರಿನ ಗುರುತಾಯಿತು. ಊಟದಲ್ಲಿ ನಮ್ಮದು, ಅವರದು ಎಂದು ಗೆರೆ ಎಳೆದು ಜಗಳವಾಡುವವರು ತಮ್ಮ ತಟ್ಟೆಯ ಅನ್ನದ ವಂಶಾವಳಿಯನ್ನು ಒಮ್ಮೆ ಕೇಳಿ ತಿಳಿಯುವುದು ಒಳ್ಳೆಯದು.

ಕಿರುಗಾವಲಿನ ಕಣಜ

ಹಾಗೆಂದು ಬಂದುದೆಲ್ಲವೂ ಲಾಭವೇ ಎನ್ನಲಾಗದು. ಹೆಚ್ಚು ಇಳುವರಿಯ ತಳಿಗಳು ಹಸಿವನ್ನು ಇಳಿಸಿದವು, ಇದನ್ನು ಮರೆಯಬಾರದು. ಆದರೆ ಅವುಗಳೊಂದಿಗೆ ಗೊಬ್ಬರದ ಖರ್ಚು ಬಂತು, ಔಷಧಿಯ ಖರ್ಚು ಬಂತು. ರಾಜಮುಡಿ, ರತ್ನಚೂಡಿ, ಗಂಧಸಾಲೆಯಂಥ ಹೆಸರುಗಳು ಗದ್ದೆಯಿಂದ ಮರೆಯಾಗತೊಡಗಿದವು. ಬೀಜವನ್ನು ಬಿತ್ತದಿದ್ದರೆ ಅದು ಕೆಲವೇ ವರ್ಷಗಳಲ್ಲಿ ಮೊಳೆಯುವ ಶಕ್ತಿ ಕಳೆದುಕೊಳ್ಳುತ್ತದೆ.

ಮಳವಳ್ಳಿ ತಾಲ್ಲೂಕಿನ ಕಿರುಗಾವಲಿನ ರೈತ ಸೈಯದ್ ಘನಿ ಖಾನ್ ಮಾಡುತ್ತಿರುವ ಕೆಲಸದ ಮಹತ್ವ ಇಲ್ಲಿದೆ. ಟಿಪ್ಪು ಸುಲ್ತಾನರ ಕಾಲದ್ದೆಂದು ಹೇಳಲಾಗುವ ಮಾವಿನ ತೋಪು 'ಬಡಾ ಬಾಗ್' ಇವರ ಕುಟುಂಬದ್ದು. ಅದರ ಜೊತೆಗೆ ಸಾವಿರಕ್ಕೂ ಹೆಚ್ಚು ಭತ್ತದ ತಳಿಗಳನ್ನು ಸಂಗ್ರಹಿಸಿ, ಸಣ್ಣ ಸಣ್ಣ ತಾಕುಗಳಲ್ಲಿ ಬೆಳೆಸಿ ಉಳಿಸಿಕೊಂಡು ಬಂದಿದ್ದಾರೆ. ಅವರ ಭತ್ತದ ವಸ್ತುಸಂಗ್ರಹಾಲಯವನ್ನು ನೋಡಲು ರೈತರೂ ವಿದ್ಯಾರ್ಥಿಗಳೂ ಬರುತ್ತಾರೆ. ಅದೇ ಜಿಲ್ಲೆಯ ವಿ.ಸಿ. ಫಾರಂನಲ್ಲಿ ವಿಜ್ಞಾನಿಗಳು 1996ರಲ್ಲಿ ಕೆಆರ್‌ಎಚ್ 2 ಎಂಬ ಹೈಬ್ರಿಡ್ ತಳಿಯನ್ನು ಕೊಟ್ಟರು. ಹೊಸ ತಳಿ ಕಟ್ಟುವವರಿಗೂ ಬೇಕಾಗುವುದು ಹಳೆಯ ತಳಿಗಳ ಗುಣಗಳೇ. ಒಂದು ಮನೆ ಉಳಿಸಿದ್ದು ಇನ್ನೊಂದು ಮನೆಗೆ ಬಂಡವಾಳ.

ಜಪಾನಿನಲ್ಲೂ ಅನ್ನದ ಸ್ಥಿತಿ ಹಿಂದಿನಂತಿಲ್ಲ. 1962ರಲ್ಲಿ ಅಲ್ಲಿ ಒಬ್ಬರು ವರ್ಷಕ್ಕೆ ಸುಮಾರು 118 ಕಿಲೋ ಅಕ್ಕಿ ಉಣ್ಣುತ್ತಿದ್ದರು. ಈಗ ಅದು ಅರ್ಧಕ್ಕೂ ಕಡಿಮೆ. ರೈತರಿಗೆ ವಯಸ್ಸಾಗಿದೆ. ಆದರೂ ಅವರಿಂದ ಕಲಿಯಬೇಕಾದ ಒಂದು ಸಂಗತಿಯಿದೆ. ಅಲ್ಲಿಯ ಅಕ್ಕಿಯ ಪೊಟ್ಟಣದ ಮೇಲೆ ತಳಿ ಯಾವುದು, ಯಾವ ಸೀಮೆಯದು, ಯಾವ ವರ್ಷದ್ದು ಎಂದು ಅಚ್ಚಾಗಿರುತ್ತದೆ. ಕೊಳ್ಳುವವರು ಹೆಸರು ನೋಡಿ ಬೆಲೆ ಕೊಡುತ್ತಾರೆ. ನಮ್ಮ ಪೊಟ್ಟಣಗಳ ಮೇಲೆ ಕಾಣುವುದು ಹೆಚ್ಚಾಗಿ ವ್ಯಾಪಾರಿಯ ಹೆಸರು. ಬೆಳೆದ ಊರಿಗೆ ಅಲ್ಲಿ ಜಾಗವಿಲ್ಲ.

ಜಪಾನಿನ ಅಡುಗೆಯನ್ನು ಮನೆಗೆ ತರುವವರು ಈ ಅಭ್ಯಾಸವನ್ನೂ ಜೊತೆಗೆ ತರಲಿ. ಅಂಗಡಿಯಲ್ಲಿ ಅಕ್ಕಿ ಕೊಳ್ಳುವಾಗ ಇದು ಯಾವ ತಳಿ, ಯಾವ ಊರಿನದು, ಎಂದಿನ ಸುಗ್ಗಿಯದು ಎಂದು ಕೇಳೋಣ. ಕೇಳುವವರು ಹೆಚ್ಚಾದರೆ ಹೇಳುವವರೂ ಹುಟ್ಟುತ್ತಾರೆ. ಆಗ ಕಿರುಗಾವಲಿನ ರಾಜಮುಡಿಗೂ ಒಂದು ಹೆಸರು, ಒಂದು ಬೆಲೆ ಸಿಕ್ಕೀತು.