ಗಿಟಾರ್ ರೆಕಾರ್ಡಿಂಗ್ ಕಿವಿಗೆ ಚುಚ್ಚುತ್ತಿದೆಯೇ? ‘ಟ್ರೆಬಲ್ ಪೂರ್ತಿ ಇಳಿಸಿ’ ಎಂಬುದು ಅರ್ಧ ಸತ್ಯ

ಹೇಳಿಕೆ: ರೆಕಾರ್ಡ್ ಮಾಡಿದ ಎಲೆಕ್ಟ್ರಿಕ್ ಗಿಟಾರ್ ಕರ್ಕಶವಾಗಿ ಕೇಳಿದರೆ ಟ್ರೆಬಲ್ ಪೂರ್ತಿ ಇಳಿಸಿ, ಸರಿಹೋಗುತ್ತದೆ.

ತೀರ್ಮಾನ: ಅರ್ಧ ಸತ್ಯ. ಕರ್ಕಶತೆ ಎತ್ತರದ ಕಂಪನಾಂಕಗಳಲ್ಲೇ ಇರುತ್ತದೆ ಎಂಬುದು ನಿಜ. ಆದರೆ ಟ್ರೆಬಲ್ ಪೂರ್ತಿ ತೆಗೆದರೆ ಗಿಟಾರ್ ಕಂಬಳಿ ಹೊದ್ದಂತೆ ಮಂಕಾಗುತ್ತದೆ, ಚುಚ್ಚುವ ಭಾಗ ಅಲ್ಲೇ ಉಳಿಯಬಹುದು.

ಚುಚ್ಚುವುದು ಯಾವ ಭಾಗ?

ಗಿಟಾರ್‌ನ ಅತಿ ದಪ್ಪ ತಂತಿಯ ಮೂಲ ಸ್ವರ ಸುಮಾರು 82 ಹರ್ಟ್ಸ್. ಅತಿ ಎತ್ತರದ ಸ್ವರದ ಮೂಲ ಕಂಪನವೂ ಸುಮಾರು 1,300 ಹರ್ಟ್ಸ್ ಅಷ್ಟೇ. ಅದಕ್ಕಿಂತ ಮೇಲೆ ಕೇಳುವುದು ಸ್ವರದ ಜೊತೆಗೆ ಹುಟ್ಟುವ ಉಪಸ್ವರಗಳು. ಡಿಸ್ಟಾರ್ಷನ್ ಹಾಕಿದರೆ ಇವು ಹಲವು ಪಟ್ಟು ಹೆಚ್ಚುತ್ತವೆ.

ನಮ್ಮ ಕಿವಿಯ ನಾಳ ಸುಮಾರು 2.5 ಸೆಂಟಿಮೀಟರ್ ಉದ್ದವಿದ್ದು, 3,000 ಹರ್ಟ್ಸ್ ಆಸುಪಾಸಿನ ಶಬ್ದವನ್ನು ತಾನೇ ಹಿಗ್ಗಿಸುತ್ತದೆ. ಹಾಗಾಗಿ 2,000ದಿಂದ 5,000 ಹರ್ಟ್ಸ್ ನಡುವಿನ ಶಬ್ದಕ್ಕೆ ಕಿವಿ ಅತಿ ಸೂಕ್ಷ್ಮ. ಗಿಟಾರ್‌ನ ಸ್ಪಷ್ಟತೆಯೂ ಇಲ್ಲೇ ಇದೆ, ಚುಚ್ಚುವಿಕೆಯೂ ಇಲ್ಲೇ ಇದೆ.

ನೇರ ರೆಕಾರ್ಡಿಂಗ್‌ನಲ್ಲಿ ‘ಜುಂಯ್’ ಸದ್ದೇಕೆ?

ಗಿಟಾರ್ ಆಂಪ್ಲಿಫೈಯರ್‌ಗಳಲ್ಲಿ ಬಳಸುವ 12 ಇಂಚಿನ ಸ್ಪೀಕರ್ ಸುಮಾರು 5,000 ಹರ್ಟ್ಸ್‌ಗಿಂತ ಮೇಲಿನದನ್ನು ಹೆಚ್ಚು ಹೊರಬಿಡುವುದಿಲ್ಲ. ಅಂದರೆ ಸ್ಪೀಕರ್ ಒಂದು ಜರಡಿ ಇದ್ದಂತೆ. ಡಿಸ್ಟಾರ್ಷನ್ ಪೆಡಲ್‌ನಿಂದ ನೇರವಾಗಿ ಫೋನಿಗೋ ಕಂಪ್ಯೂಟರಿಗೋ ತಂತಿ ಎಳೆದರೆ ಈ ಜರಡಿ ತಪ್ಪಿಹೋಗುತ್ತದೆ. ಜೇನುನೊಣ ಗುಂಯ್ಗುಟ್ಟಿದಂಥ ಸದ್ದಿಗೆ ಸಾಮಾನ್ಯ ಕಾರಣ ಇದೇ. ಗಿಟಾರ್ ಕೆಟ್ಟಿದೆ ಎಂದುಕೊಂಡು ಹೊಸದಕ್ಕೆ ಹಣ ಸುರಿಯುವ ಮೊದಲು ‘ಕ್ಯಾಬಿನೆಟ್ ಸಿಮ್ಯುಲೇಟರ್’ ಆನ್ ಮಾಡಿ ನೋಡಿ. ಇದು ಸ್ಪೀಕರ್ ಪೆಟ್ಟಿಗೆಯ ಕೆಲಸವನ್ನು ಅನುಕರಿಸುತ್ತದೆ. ಉಚಿತ ಆವೃತ್ತಿಗಳೂ ಸಿಗುತ್ತವೆ.

ಕೋಣೆಯ ಪಾತ್ರವೇನು?

ಆಂಪ್ಲಿಫೈಯರ್ ಮುಂದೆ ಮೈಕ್ ಅಥವಾ ಫೋನ್ ಇಟ್ಟು ರೆಕಾರ್ಡ್ ಮಾಡುವವರಿಗೆ ಕೋಣೆಯೂ ಮುಖ್ಯ. ಹಳೇಬೀಡಿನ ಪಕ್ಕದ ಬಸ್ತಿಹಳ್ಳಿಯ ಉದಾಹರಣೆ ನೋಡೋಣ. ಅಲ್ಲಿನ ಪಾರ್ಶ್ವನಾಥ ಬಸದಿಯನ್ನು ಹೊಯ್ಸಳ ದೊರೆ ವಿಷ್ಣುವರ್ಧನನ ದಂಡನಾಯಕ ಗಂಗರಾಜನ ನೆನಪಿಗೆ ಅವನ ಮಗ ಬೊಪ್ಪದೇವ 1133ರಲ್ಲಿ ಕಟ್ಟಿಸಿದ. ಒಳಗಿನ ಕಂಬಗಳು ನಮ್ಮ ಪ್ರತಿಬಿಂಬ ಕಾಣುವಷ್ಟು ನುಣುಪಾಗಿವೆ. ಬೆಳಕು ಹೀಗೆ ಮರಳುವುದಕ್ಕೆ ಕಾರಣ ಆ ಹೊಳಪು. ಶಬ್ದ ಮರಳುವುದಕ್ಕೆ ಕಾರಣ ಕಲ್ಲಿನ ಗಟ್ಟಿತನ. ಗಟ್ಟಿ ಕಲ್ಲು ತನಗೆ ತಾಗಿದ ಶಬ್ದವನ್ನು ಬಹುತೇಕ ಪೂರ್ತಿ ವಾಪಸು ಕಳಿಸುತ್ತದೆ.

ಗ್ರಾನೈಟ್ ನೆಲ, ಸಿಮೆಂಟ್ ಗೋಡೆಯ ನಮ್ಮ ಮನೆಗಳಲ್ಲಿ ಆಗುವುದೂ ಇದೇ. ಗೋಡೆಗೆ ತಾಗಿ ಮರಳಿದ ಶಬ್ದ ಮೂಲ ಶಬ್ದಕ್ಕೆ ಸೇರಿ ಮೈಕಿನಲ್ಲಿ ಇನ್ನಷ್ಟು ಒರಟಾಗುತ್ತದೆ. ಹಾಸಿಗೆ, ದಪ್ಪ ಜಮಖಾನ, ರಜಾಯಿಗಳು ಎತ್ತರದ ಕಂಪನಗಳನ್ನು ಚೆನ್ನಾಗಿ ಹೀರುತ್ತವೆ. ತಂತಿಯಿಂದ ನೇರವಾಗಿ ರೆಕಾರ್ಡ್ ಮಾಡುವವರಿಗೆ ಈ ತೊಂದರೆ ಇಲ್ಲ.

ಸರಿಪಡಿಸುವ ಕ್ರಮ

1. ಮೊದಲು ಗಿಟಾರ್‌ನ ಟೋನ್ ನಾಬ್ ಸ್ವಲ್ಪ ಇಳಿಸಿ. ಡಿಸ್ಟಾರ್ಷನ್‌ನ ಗೇನ್ ಕೂಡ ಕಡಿಮೆ ಮಾಡಿ.
2. ಮೈಕ್ ಸ್ಪೀಕರ್‌ನ ನಟ್ಟನಡುವೆ ಇದ್ದರೆ ಅಂಚಿನ ಕಡೆ ಒಂದೆರಡು ಇಂಚು ಸರಿಸಿ. ನಡುಭಾಗದಲ್ಲಿ ಚುರುಕು ಹೆಚ್ಚು, ಅಂಚಿನಲ್ಲಿ ಮೃದು.
3. ಈಕ್ವಲೈಜರ್‌ನಲ್ಲಿ 6,000ದಿಂದ 8,000 ಹರ್ಟ್ಸ್ ನಡುವೆ ‘ಲೋ ಪಾಸ್’ ಫಿಲ್ಟರ್ ಹಾಕಿ.
4. ಇನ್ನೂ ಚುಚ್ಚಿದರೆ 2,500ರಿಂದ 5,000 ಹರ್ಟ್ಸ್ ನಡುವೆ ಕಿರಿದಾದ ಒಂದು ಪಟ್ಟಿಯನ್ನು ಹುಡುಕಿ, 2ರಿಂದ 4 ಡೆಸಿಬೆಲ್ ಮಾತ್ರ ಇಳಿಸಿ.
5. ಗಿಟಾರನ್ನು ಒಂಟಿಯಾಗಿ ಕೇಳಿ ನಿರ್ಧರಿಸಬೇಡಿ. ಹಾಡು, ಡ್ರಮ್ಸ್ ಜೊತೆಗೇ ಕೇಳಿ.

ಕಿವಿಯನ್ನೂ ನೋಡಿಕೊಳ್ಳಿ

ಜೋರು ಶಬ್ದದಿಂದ ಕಿವಿ ಮೊದಲು ಕಳೆದುಕೊಳ್ಳುವುದು ಸಾಮಾನ್ಯವಾಗಿ 4,000 ಹರ್ಟ್ಸ್ ಆಸುಪಾಸಿನ ಶ್ರವಣವನ್ನೇ. ಅದು ಸರಿಯಾಗಿ ಕೇಳದವರು ಟ್ರೆಬಲ್ ಇನ್ನೂ ಏರಿಸುತ್ತಾರೆ, ಕಿವಿ ಇನ್ನೂ ಹಾಳಾಗುತ್ತದೆ. ಈ ನಷ್ಟ ಶಾಶ್ವತ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 80 ಡೆಸಿಬೆಲ್ ಶಬ್ದವನ್ನು ವಾರಕ್ಕೆ 40 ಗಂಟೆ ಕೇಳಬಹುದು. 90 ಡೆಸಿಬೆಲ್ ಆದರೆ ವಾರಕ್ಕೆ ಬರೀ 4 ಗಂಟೆ. ಮಿಕ್ಸಿಂಗ್ ಮಾಡುವಾಗ ಶಬ್ದ ತಗ್ಗಿಸಿ, ಆಗಾಗ ಕಿವಿಗೆ ಬಿಡುವು ಕೊಡಿ. ನಿಮ್ಮ ಮಿಕ್ಸ್ ಮಂಕಾಗಿದೆ ಎಂದು ನಿಮಗೊಬ್ಬರಿಗೇ ಅನಿಸಿ, ಉಳಿದವರಿಗೆಲ್ಲ ಅದು ಚುಚ್ಚುತ್ತಿದ್ದರೆ, ಅಥವಾ ಕಿವಿಯಲ್ಲಿ ‘ಗುಂಯ್’ ಎನ್ನುವುದು ನಿಲ್ಲದಿದ್ದರೆ ಇಎನ್‌ಟಿ ವೈದ್ಯರ ಬಳಿ ಶ್ರವಣ ಪರೀಕ್ಷೆ ಮಾಡಿಸಿ.

‘ಟ್ರೆಬಲ್ ಪೂರ್ತಿ ಇಳಿಸಿ’ ಎಂಬ ಸಂದೇಶ ನಿಮಗೂ ಬಂದರೆ, ಮುಂದೆ ಕಳಿಸುವಾಗ ಇಷ್ಟನ್ನು ಸೇರಿಸಿ: ಮೊದಲು ಮೂಲದಲ್ಲಿ ಸರಿಮಾಡಿ, ಆಮೇಲೆ ಚುಚ್ಚುವ ಜಾಗವನ್ನಷ್ಟೇ ಇಳಿಸಿ.