ಕಲಾಯಿ: ಒಂದು ಲೋಹದ ಹೆಸರಿನ ಪಯಣ

ಮಾನವರ ಭಾಷೆಗಳ ಹಾಗೂ ಬಣ್ಣಗಳ ವೈವಿಧ್ಯವನ್ನು ಪವಿತ್ರ ಕುರ್‌ಆನಿನ 'ಅರ್ರೂಮ್' ಅಧ್ಯಾಯವು ಅಲ್ಲಾಹನ ನಿದರ್ಶನಗಳಲ್ಲಿ ಒಂದಾಗಿ ಎಣಿಸುತ್ತದೆ. ಆ ವೈವಿಧ್ಯದೊಳಗೆ ಕೆಲವು ಪದಗಳು ಸಮುದ್ರಗಳನ್ನೂ ದಾಟಿ ಸಂಚರಿಸಿವೆ. ನಮ್ಮ ಅಡುಗೆಮನೆಯ 'ಕಲಾಯಿ' ಅಂತಹ ಪದ.

ಸೇಡಂ ತಾಲೂಕಿನ ನಮ್ಮ ಮುಧೋಳದಲ್ಲಿ ಕನ್ನಡ, ತೆಲುಗು, ದಖನಿ ಉರ್ದು ಮೂರೂ ಕೇಳಿಬರುತ್ತವೆ. (ನಾಯಿತಳಿಗೆ ಹೆಸರಾದ ಬಾಗಲಕೋಟೆಯ ಮುಧೋಳ ಬೇರೆ.) 'ಕಲಾಯಿ' ಈ ಮೂರು ಭಾಷೆಗಳಲ್ಲೂ ಕಲಾಯಿಯೇ, ಮರಾಠಿಯಲ್ಲಿ 'ಕಲ್ಹಯಿ'. ಹಿಂದೆ ಕಲಾಯಿಗಾರರು ಮರದ ನೆರಳಲ್ಲಿ ಕುಣಿ ತೋಡಿ, ತಿದಿ ಹೂಡಿ, ಇದ್ದಲು ಉರಿಸಿ ಕುಳಿತುಕೊಳ್ಳುತ್ತಿದ್ದರು. ಅವರಲ್ಲಿ ಅನೇಕರು ಮುಸ್ಲಿಮರು. ಕಾದ ತಾಮ್ರದ ಹಂಡೆಗೆ ನವಸಾಗರದ ಪುಡಿ ಎರಚಿದೊಡನೆ ದಟ್ಟ ಬಿಳಿ ಹೊಗೆ ಏಳುತ್ತಿತ್ತು. ಅದರಿಂದ ಲೋಹದ ಮೈ ಶುದ್ಧವಾಗುತ್ತಿತ್ತು. ಬಳಿಕ ಕಡ್ಡಿಯೊಂದನ್ನು ತಾಗಿಸಿ, ಕರಗಿದ್ದನ್ನು ಅರಳೆಯಿಂದ ಉಜ್ಜಿದರೆ ಪಾತ್ರೆಯ ಒಳಮೈ ಬೆಳ್ಳಿಯಂತೆ ಹೊಳೆಯುತ್ತಿತ್ತು. ಹುಣಸೆ, ಮೊಸರು ಬೀಳುವ ತಾಮ್ರದ ಪಾತ್ರೆಗೆ ಇದು ಶೃಂಗಾರವಲ್ಲ, ಕಿಲುಬಿನಿಂದ ರಕ್ಷಣೆ.

ಆ ಕಡ್ಡಿಯೇ ತವರ. ಅದು 50ನೆಯ ಮೂಲಧಾತು. 232 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ಕಲಾಯಿ ಎಂಬುದನ್ನು ನಾವು ಒಂದು ಕೆಲಸದ ಹೆಸರೆಂದು ಭಾವಿಸಿದ್ದೇವೆ. ವಾಸ್ತವದಲ್ಲಿ ಅದು ಲೋಹದ್ದೇ ಹೆಸರು.

ಮಲಯ ಪರ್ಯಾಯ ದ್ವೀಪದ ಕಡೆ 'ಕಲಃ' ಎಂಬ ಬಂದರಿತ್ತೆಂದೂ ಅಲ್ಲಿ ತವರದ ಗಣಿಗಳಿದ್ದವೆಂದೂ 9ನೆಯ ಶತಮಾನದ ಭೂಗೋಳಕಾರ ಇಬ್ನ್ ಖುರ್ದಾದ್‌ಬಿಹ್ ಬರೆದಿದ್ದಾರೆ. ಅದು ಇಂದಿನ ಮಲೇಷ್ಯಾದ ಕೆಡಾ ಎಂಬುದು ಹಲವು ವಿದ್ವಾಂಸರ ಅಭಿಮತ. ಆ ಬಂದರಿನಿಂದ ಬಂದ ಲೋಹವನ್ನು ಅರಬ್ ವರ್ತಕರು 'ಕಲ್ಈ' ಎಂದರು. ವಿಚಿತ್ರವೆಂದರೆ ಮಲಯ ಭಾಷೆಯಲ್ಲಿ ತವರಕ್ಕೆ 'ತಿಮಾ' ಎನ್ನುತ್ತಾರೆ. ಲೋಹ ಕೊಟ್ಟ ನಾಡು ತನ್ನ ಪದವನ್ನು ಉಳಿಸಿಕೊಂಡಿತು. ಬಂದರಿನ ಹೆಸರು ಮಾತ್ರ ಹಡಗು ಹತ್ತಿತು.

ಹತ್ತಿ ಎಲ್ಲಿಯವರೆಗೆ ಹೋಯಿತು! ತುರ್ಕಿಯಲ್ಲಿ 'ಕಲಾಯ್', ಉಜ್ಬೆಕ್‌ನಲ್ಲೂ ಹಾಗೆಯೇ, ಕಜಕ್‌ನಲ್ಲಿ 'ಕಲಾಯಿ'. ಉಸ್ಮಾನೀ ಆಳ್ವಿಕೆಯ ಕಾಲದಲ್ಲಿ ಅದು ಬಾಲ್ಕನ್ ನಾಡುಗಳಿಗೂ ಹೊಕ್ಕಿತು. ಇಂದಿಗೂ ಬಲ್ಗೇರಿಯದ ವಿದ್ಯಾರ್ಥಿ ರಸಾಯನಶಾಸ್ತ್ರದ ಪಾಠದಲ್ಲಿ 'ಕಲಾಯ್' ಎಂದೇ ಓದುತ್ತಾನೆ. ಬೋಸ್ನಿಯ, ಸರ್ಬಿಯಗಳಲ್ಲಿಯೂ ಅದೇ ಪದ. ಪೋರ್ಚುಗೀಸರು 'ಕಲಾಯಿಂ' ಎಂದು ಬರೆದುಕೊಂಡರು. ಇತ್ತ ಅರಬರು ಈಗ ಹೇಳುವುದು 'ಕಸ್ದೀರ್'. ಅದು ಗ್ರೀಕರ 'ಕಸ್ಸಿಟೆರೋಸ್'ನಿಂದ ಬಂದದ್ದು. ಅರಬರ ಪದ ಯುರೋಪಿನಲ್ಲಿ ನೆಲೆಸಿತು, ಯುರೋಪಿನ ಪದ ಅರಬರಲ್ಲಿ! ಇಂಗ್ಲಿಷಿನ 'ಟಿನ್' ನಮ್ಮಲ್ಲಿ ಡಬ್ಬಿಯಾಗಿ, ಮಾಳಿಗೆಯ ತಗಡಾಗಿ ಉಳಿದಿದೆ. ಆ ತಗಡಿನಲ್ಲಿರುವುದು ಕಬ್ಬಿಣ ಮತ್ತು ಸತು, ತವರವಲ್ಲ.

ಹಳೆಯ ಅರಬಿಯ 'ರಸಾಸ್' ಎಂಬ ಪದವನ್ನು ನಾವು ವಿಶೇಷವಾಗಿ ಗಮನಿಸಬೇಕು. ಅದು ತವರಕ್ಕೂ ಸಲ್ಲುತ್ತಿತ್ತು, ಸೀಸಕ್ಕೂ ಸಲ್ಲುತ್ತಿತ್ತು. ರೋಮನರೂ ಇವೆರಡನ್ನು 'ಬಿಳಿ ಸೀಸ', 'ಕಪ್ಪು ಸೀಸ' ಎಂದೇ ಕರೆದಿದ್ದರು. ಆದ್ದರಿಂದ ತವರವನ್ನು ಬೇರ್ಪಡಿಸಿ ಹೇಳಲು 'ರಸಾಸ್ ಕಲ್ಈ' ಎನ್ನುತ್ತಿದ್ದರು. ಅಂದರೆ 'ಕಲಾಯಿ' ಎಂಬುದೇ ಸೀಸವಲ್ಲದ ಲೋಹದ ಗುರುತು.

ಇಂದು ಮದುವೆಯ ದೇಗ್‌ಗಳಿಗೆ ಕಲಾಯಿ ಹಾಕಿಸುವವರು ಈ ಗುರುತನ್ನು ಮರೆಯಬಾರದು. ತವರ ದುಬಾರಿ, ಸೀಸ ಅಗ್ಗ. ಬೆಸುಗೆಗೆ ಬಳಸುವ ಸೀಸಮಿಶ್ರಿತ ಕಡ್ಡಿಯೂ ಹಾಗೆಯೇ ಹೊಳೆಯುತ್ತದೆ. ಹುಳಿ ತಾಗಿದರೆ ಸೀಸ ಅನ್ನಕ್ಕೆ ಇಳಿಯುತ್ತದೆ, ಮಕ್ಕಳ ಮಿದುಳಿಗೆ ಅದು ವಿಷ. ಶುದ್ಧ ತವರದ ಕಡ್ಡಿಯನ್ನು ಬಾಗಿಸಿದರೆ ಕಿರಕಿರನೆ ಸದ್ದಾಗುತ್ತದೆ; ಸೀಸ ಮೌನವಾಗಿ ಬಾಗುತ್ತದೆ, ಕಾಗದಕ್ಕೆ ಉಜ್ಜಿದರೆ ಬೂದುಗೆರೆ ಬಿಡುತ್ತದೆ. ಅಲ್ಪ ಪ್ರಮಾಣದ ಬೆರಕೆಯನ್ನು ಮಾತ್ರ ಕಿವಿಯಾಗಲಿ ಕಣ್ಣಾಗಲಿ ಹಿಡಿಯಲಾರದು. ಆದುದರಿಂದ ದೇಗ್ ಒಪ್ಪಿಸುವ ಮುನ್ನ ಕಡ್ಡಿ ಯಾವುದೆಂದು ಕಲಾಯಿಗಾರರನ್ನು ಕೇಳಿ, ಶುದ್ಧ ತವರಕ್ಕೆ ತಗಲುವ ಬೆಲೆಯನ್ನು ಚೌಕಾಸಿ ಮಾಡದೆ ಕೊಡಿ.