ರುಮಟಾಯ್ಡ್ ಸಂಧಿವಾತದಲ್ಲಿ ಇಸಿಜಿ ಪರೀಕ್ಷೆ

ದೇಹದ ರಕ್ಷಣಾ ವ್ಯವಸ್ಥೆಯೇ ಕೀಲುಗಳ ಮೇಲೆ ತಿರುಗಿಬೀಳುವ ರೋಗ ರುಮಟಾಯ್ಡ್ ಸಂಧಿವಾತ. ಇದರ ಉರಿಯೂತ ಕೀಲುಗಳಲ್ಲೇ ನಿಲ್ಲದೆ ರಕ್ತನಾಳಗಳನ್ನೂ ಹೃದಯವನ್ನೂ ಬಾಧಿಸುತ್ತದೆ. ಆದ್ದರಿಂದಲೇ ಯುರೋಪಿನ ಸಂಧಿರೋಗ ತಜ್ಞರ ಸಂಘಟನೆಯಾದ ಯೂಲಾರ್, ಸಾಮಾನ್ಯ ಲೆಕ್ಕಾಚಾರದಲ್ಲಿ ಬಂದ ಹೃದ್ರೋಗದ ಅಪಾಯವನ್ನು ಈ ರೋಗಿಗಳಿಗೆ 1.5ರಿಂದ ಗುಣಿಸಬೇಕೆಂದು ಸೂಚಿಸಿದೆ. ಗಂಟಲು ಸೋಂಕಿನ ನಂತರ ಬಂದು ಹೃದಯದ ಕವಾಟ ಕೆಡಿಸುವ ರುಮ್ಯಾಟಿಕ್ ಜ್ವರ ಬೇರೆ, ಈ ರೋಗ ಬೇರೆ.

ವಿಧಾನ: ಕೈಕಾಲು ಮತ್ತು ಎದೆಯ ಮೇಲೆ ಒಟ್ಟು 10 ಎಲೆಕ್ಟ್ರೋಡ್‌ಗಳನ್ನಿಟ್ಟು ಹೃದಯದ ವಿದ್ಯುತ್ ಚಲನೆಯನ್ನು 12 ಕೋನಗಳಿಂದ (ಲೀಡ್‌ಗಳಿಂದ) ದಾಖಲಿಸುವುದೇ ಇಸಿಜಿ. ಕಾಗದ ಸಾಮಾನ್ಯವಾಗಿ ಸೆಕೆಂಡಿಗೆ 25 ಮಿ.ಮೀ. ಸರಿಯುತ್ತದೆ, ಒಂದು ಚಿಕ್ಕ ಚೌಕವೆಂದರೆ 0.04 ಸೆಕೆಂಡು. ಊದಿದ ಮಣಿಕಟ್ಟಿಗೆ ಕ್ಲಿಪ್ ಹಾಕಿದರೆ ನೋವಾಗುತ್ತದೆ. ನೋವಿಗೆ ಸ್ನಾಯು ಬಿಗಿದರೆ ಗೆರೆ ನಡುಗಿ ಓದಲಾಗದಂತಾಗುತ್ತದೆ. ಅಂಥವರಿಗೆ ಅಂಟಿಸುವ ಪಟ್ಟಿಯನ್ನು ತುಸು ಮೇಲೆ, ಮುಂಗೈಯಲ್ಲಿ ಇಡುವುದು ಲೇಸು.

ಕಾಣುವ ಬದಲಾವಣೆಗಳು: ಇಂಟರ್‌ಲೂಕಿನ್-6ರಂಥ ಉರಿಯೂತದ ರಾಸಾಯನಿಕಗಳು ಹೃದಯಕೋಶಗಳ ಪೊಟ್ಯಾಸಿಯಂ ಹರಿವಿಗೆ ಅಡ್ಡಿಯಾಗಿ ಕ್ಯೂಟಿ ಅಂತರವನ್ನು, ಅಂದರೆ ಗೆರೆಯಲ್ಲಿ ಕ್ಯೂ ಅಲೆಯ ಆರಂಭದಿಂದ ಟಿ ಅಲೆಯ ಕೊನೆಯವರೆಗಿನ ಅವಧಿಯನ್ನು, ಹಿಗ್ಗಿಸಬಲ್ಲವು. ಈ ರೋಗಕ್ಕೆ ಕೊಡುವ ಹೈಡ್ರಾಕ್ಸಿಕ್ಲೋರೋಕ್ವಿನ್ ಕೂಡ ಅದನ್ನು ಹಿಗ್ಗಿಸಬಹುದು. ಹೃದಯ ಬಡಿತದ ವೇಗಕ್ಕೆ ಸರಿಹೊಂದಿಸಿದ ಈ ಅಂತರ ಗಂಡಸರಲ್ಲಿ 450, ಹೆಂಗಸರಲ್ಲಿ 460 ಮಿಲಿಸೆಕೆಂಡು ದಾಟಿದರೆ ಎಚ್ಚರ ಬೇಕು. ತೀರ ಹೆಚ್ಚಿದರೆ ಬಡಿತದ ಲಯ ತಪ್ಪಿ ಪ್ರಾಣಾಪಾಯವಾಗಬಹುದು. ಹೃದಯದ ಹೊರಪೊರೆಗೆ ಉರಿಯೂತ ಬಂದಾಗ ಹಲವು ಲೀಡ್‌ಗಳಲ್ಲಿ ಎಸ್‌ಟಿ ಭಾಗ ಒಟ್ಟಿಗೇ ಮೇಲೇರುತ್ತದೆ. ಪೊರೆಯೊಳಗೆ ನೀರು ತುಂಬಿದರೆ ಅಲೆಗಳು ಗಿಡ್ಡಾಗಬಹುದು. ಅಪರೂಪಕ್ಕೆ ರುಮಟಾಯ್ಡ್ ಗಂಟುಗಳು ವಿದ್ಯುತ್ ಸಾಗುವ ದಾರಿಯಲ್ಲೇ ಬೆಳೆದು ಹಾರ್ಟ್ ಬ್ಲಾಕ್ ಉಂಟುಮಾಡುತ್ತವೆ.

ಮಹತ್ವ ಮತ್ತು ಮಿತಿ: ಮಂಡಿನೋವಿನಿಂದ ಮೆಟ್ಟಿಲು ಹತ್ತುವುದನ್ನೇ ಬಿಟ್ಟವರಿಗೆ, ಶ್ರಮವಾದಾಗ ಬರುವ ಎದೆನೋವು ಕಾಣಿಸಿಕೊಳ್ಳುವ ಸಂದರ್ಭವೇ ಒದಗುವುದಿಲ್ಲ. ಅರಿವಿಗೆ ಬಾರದೆ ಆಗಿಹೋದ ಹೃದಯಾಘಾತದ ಗುರುತು ಕೆಲವೊಮ್ಮೆ ಇಸಿಜಿಯ ಕ್ಯೂ ಅಲೆಯಲ್ಲಷ್ಟೇ ಉಳಿದಿರುತ್ತದೆ. ಹಾಗೆಂದು ಇಸಿಜಿ ಸರಿಯಿದ್ದ ಮಾತ್ರಕ್ಕೆ ರಕ್ತನಾಳಗಳೂ ಸರಿಯಿವೆ ಎನ್ನಲಾಗದು. ಅಗತ್ಯವಿದ್ದರೆ ಎಕೋ ಪರೀಕ್ಷೆ ಬೇಕು. ರಕ್ತದೊತ್ತಡ, ಸಕ್ಕರೆ, ಕೊಲೆಸ್ಟರಾಲ್‌ಗಳ ಮೇಲೂ ಕಣ್ಣಿಟ್ಟಿರಬೇಕು. ಹಳೆಯ ಇಸಿಜಿಯನ್ನು ಜೋಪಾನವಾಗಿಟ್ಟು ಪ್ರತಿ ಭೇಟಿಗೂ ಒಯ್ಯುವುದು ಒಳ್ಳೆಯದು: ಹೊಸ ಗೆರೆಯಲ್ಲಿ ಏನು ಬದಲಾಗಿದೆ ಎಂಬುದು ಹಳೆಯದರ ಪಕ್ಕದಲ್ಲಿಟ್ಟಾಗಲೇ ವೈದ್ಯರಿಗೆ ಸ್ಪಷ್ಟವಾಗುತ್ತದೆ.